ಅಭಿಮಾನಿಯ ಪಾಡು

‘ಅಭಿಮಾನಿ’ ಎಂಬ ಶಬ್ದಕ್ಕೆ ಇಂದು ಕನ್ನಡದಲ್ಲಿ ಸಲ್ಲುತ್ತಿರುವ ಅರ್ಥ ಅಷ್ಟು ಹಳೆಯದೇನಲ್ಲ. ಸಂಸ್ಕೃತದಲ್ಲಿ ಅಭಿಮಾನವೆಂದರೆ ಮೊದಲಿಗೆ ಗರ್ವ; ‘ನಾನು’, ‘ನನ್ನದು’ ಎಂಬ ಭಾವ. ಸಾಂಖ್ಯರು ಅಹಂಕಾರಕ್ಕೆ ಲಕ್ಷಣ ಹೇಳುವಾಗ ಬಳಸುವುದು ಈ ಶಬ್ದವನ್ನೇ. ದುರ್ಯೋಧನನನ್ನು ನಾವು ತರಗತಿಯಲ್ಲಿ ಅಭಿಮಾನಧನನೆಂದು ಕೊಂಡಾಡುವಾಗ ಆ ಹೊಗಳಿಕೆಯ ಒಳಗೆ ಒಂದು ಮುಳ್ಳೂ ಇರುತ್ತದೆ. ಇಂಥ ಘನವಾದ ಶಬ್ದವು ಕಾಲಾಂತರದಲ್ಲಿ ಹೇಗೋ ಜಾರುತ್ತ ಬಂದು, ಇನ್ನೊಬ್ಬರು ಗೆದ್ದರೆ ತಾನು ಹಿಗ್ಗುವ, ಇನ್ನೊಬ್ಬರು ಸೋತರೆ ತಾನು ಊಟ ಬಿಡುವ ಒಂದು ವಿಚಿತ್ರ ಪ್ರಾಣಿಗೆ ಹೆಸರಾಗಿ ನಿಂತಿತು. ಯೋಚಿಸಿ ನೋಡಿದರೆ ಅರ್ಥ ಬದಲಾಗಿಲ್ಲ. ‘ನನ್ನದು’ ಎಂಬುದರ ಬೇಲಿ ಸ್ವಲ್ಪ ಆಚೆಗೆ ಸರಿದಿದೆ, ಅಷ್ಟೆ.

ವ್ಯಾಕರಣ ಪಾಠ ಹೇಳುವವನಾದ್ದರಿಂದ ಅಭಿಮಾನಿಯನ್ನು ಪರೀಕ್ಷಿಸಲು ನನಗೆ ಒಂದು ಸುಲಭೋಪಾಯ ಹೊಳೆದಿದೆ. ಪಂದ್ಯದ ಮಾರನೆಯ ದಿನ ಆತ ಬಳಸುವ ಕ್ರಿಯಾಪದವನ್ನು ಗಮನಿಸಬೇಕು. ತಂಡ ಗೆದ್ದಾಗ ಎಲ್ಲರೂ ‘ಗೆದ್ದೆವು’ ಎನ್ನುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಸೋತಾಗ ಬಹುಮಂದಿ ಸದ್ದಿಲ್ಲದೆ ಪ್ರಥಮಪುರುಷಕ್ಕೆ ಸರಿದು ‘ಸೋತರು’ ಎನ್ನುತ್ತಾರೆ. ಆಗಲೂ ಉತ್ತಮಪುರುಷವನ್ನು ಬಿಡದೆ ‘ಸೋತೆವು’ ಎಂದವನೇ ನಿಜವಾದ ಅಭಿಮಾನಿ. ಈ ಪರೀಕ್ಷೆಯಲ್ಲಿ ನಾನು ತೇರ್ಗಡೆಯಾಗಿ ಇಪ್ಪತ್ತೇಳು ವರ್ಷಗಳಾದವು. ನನ್ನ ಅಭಿಮಾನಕ್ಕೆ ಪಾತ್ರವಾದದ್ದು ಭಾರತದ ಪುರುಷರ ಹಾಕಿ ತಂಡ. ಬೇರೆ ಆಟವೊಂದನ್ನು ಆರಿಸಿಕೊಂಡಿದ್ದರೆ ನನ್ನ ರಕ್ತದೊತ್ತಡ ಇನ್ನಷ್ಟು ಸೌಮ್ಯವಾಗಿರುತ್ತಿತ್ತೆಂದು ನನ್ನ ಪತ್ನಿಯ ಅಭಿಪ್ರಾಯ.

1998ರ ಡಿಸೆಂಬರಿನಲ್ಲಿ ನಾನು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದೆ. ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಧನರಾಜ್ ಪಿಳ್ಳೆಯ ತಂಡ ದಕ್ಷಿಣ ಕೊರಿಯವನ್ನು ಪೆನಾಲ್ಟಿ ಸ್ಟ್ರೋಕುಗಳಲ್ಲಿ ಸೋಲಿಸಿತು. ಗೋಲಿನ ಮುಂದೆ ಆಶಿಶ್ ಬಲ್ಲಾಳ್ ಗೋಡೆಯಂತೆ ನಿಂತಿದ್ದರು. 1966ರ ಬಳಿಕ, ಎಂದರೆ 32 ವರ್ಷಗಳ ಮೇಲೆ, ಏಷ್ಯದ ಚಿನ್ನ ನಮಗೆ ದಕ್ಕಿತ್ತು. ಹಾಸ್ಟೆಲಿನ ಟೆಲಿವಿಷನ್ನಿನ ಮುಂದೆ ನಾಲ್ಕೇ ಮಂದಿ ಇದ್ದೆವು. ನಾಲ್ವರೂ ನಲವತ್ತು ಜನರಷ್ಟು ಕೂಗಿದೆವು. ಗೆದ್ದು ಬಂದು ಹೆಚ್ಚು ದಿನ ಕಳೆಯುವ ಮೊದಲೇ ನಾಯಕನನ್ನೂ ಬಲ್ಲಾಳರನ್ನೂ ಇನ್ನೂ ಕೆಲವರನ್ನೂ ತಂಡದಿಂದ ಕೈಬಿಡಲಾಯಿತು. ಗೆದ್ದವರಿಗೆ ಈ ಗತಿಯೆ ಎಂದು ಕ್ಯಾಂಟೀನಿನಲ್ಲಿ ಮೇಜು ಗುದ್ದಿದ್ದು ನೆನಪಿದೆ. ನಾನು ಅಭಿಮಾನಿಯಾದದ್ದು ಗೆಲವಿನ ದಿನವಲ್ಲ, ಬಹುಶಃ ಮೇಜು ಗುದ್ದಿದ ಆ ದಿನ.

ಆಮೇಲಿನದು ಇಳಿಜಾರು. 2000ದ ಸಿಡ್ನಿಯಲ್ಲಿ ಪೋಲೆಂಡಿನ ಮೇಲೆ ಗೆದ್ದಿದ್ದರೆ ಸೆಮಿಫೈನಲ್, ಮುಂದಿದ್ದವರು ನಾವೇ, ಕೊನೆಯ ಎರಡು ನಿಮಿಷಗಳೊಳಗೆ ಆ ತಂಡ ಗೋಲು ಹೊಡೆದು ಸಮ ಮಾಡಿಕೊಂಡಿತು. 2004ರ ಅಥೆನ್ಸಿನಲ್ಲಿ ಏಳನೆಯ ಸ್ಥಾನ. 2008ರ ಮಾರ್ಚಿನಲ್ಲಿ ದೂರದ ಚಿಲಿ ದೇಶದ ಸಾಂಟಿಯಾಗೊದಲ್ಲಿ ಬ್ರಿಟನ್ನಿಗೆ 2-0ಯಿಂದ ಸೋತು, 1928ರಿಂದ ಒಮ್ಮೆಯೂ ತಪ್ಪದಿದ್ದ ಒಲಿಂಪಿಕ್ಸಿಗೆ ಪ್ರವೇಶವನ್ನೇ ಕಳೆದುಕೊಂಡೆವು. ನಮ್ಮ ಹಿರಿಯರು ಕ್ಷಣಿಕವಾದ ವೈರಾಗ್ಯಗಳನ್ನು ಮೂರೆಂದು ಎಣಿಸಿದ್ದಾರೆ: ಸ್ಮಶಾನ ವೈರಾಗ್ಯ, ಪ್ರಸೂತಿ ವೈರಾಗ್ಯ, ಪುರಾಣ ವೈರಾಗ್ಯ. ಅವರು ಹಾಕಿ ನೋಡಿದವರಲ್ಲ. ಸಾಂಟಿಯಾಗೊದ ಮಾರನೆಯ ಬೆಳಿಗ್ಗೆ ನನಗೆ ಉಂಟಾದ ನಾಲ್ಕನೆಯ ಬಗೆಯ ವೈರಾಗ್ಯ ಪೂರ್ತಿ ಹದಿನೈದು ದಿನ ಬಾಳಿತು. ಉಳಿದ ಮೂರಕ್ಕಿಂತ ಅದು ಗಟ್ಟಿಯಾದದ್ದೆಂದೇ ಹೇಳಬೇಕು.

2011ರಲ್ಲಿ ನನಗೆ ಕೊಡಗಿನ ಕಾಲೇಜೊಂದಕ್ಕೆ ವರ್ಗವಾಯಿತು. ಬಯಲುಸೀಮೆಯ ನನಗೆ ಅಲ್ಲಿಯ ಮಳೆ ಒಗ್ಗುವುದಿಲ್ಲವೆಂದು ಎಲ್ಲರೂ ಎಚ್ಚರಿಸಿದ್ದರು. ಹಾಕಿ ಒಗ್ಗುವುದೆಂದು ಯಾರೂ ಹೇಳಿರಲಿಲ್ಲ. ಬಾಡಿಗೆಗೆ ಸಿಕ್ಕಿದ ಮನೆ ಒಬ್ಬ ನಿವೃತ್ತ ಸುಬೇದಾರರದು. ಅವರ ಮನೆಯ ಪಕ್ಕಕ್ಕೇ ಅಂಟಿದ್ದು. ಆಗಲೇ ಅವರಿಗೆ ಎಪ್ಪತ್ತು. ಮೊದಲ ಭೇಟಿಯಲ್ಲಿ ಬಾಡಿಗೆಯ ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಬಳಿಕ ಅವರು ಕೇಳಿದ ಪ್ರಶ್ನೆ: “ಮೇಷ್ಟ್ರೇ, ನೀವು ಕ್ರಿಕೆಟಿನವರೋ, ಹಾಕಿಯವರೋ?” ಯಾವ ಮಠದವರೆಂದು ವಿಚಾರಿಸುವ ಗಾಂಭೀರ್ಯ ಆ ದನಿಯಲ್ಲಿತ್ತು. ನನ್ನ ಉತ್ತರ ಕೇಳಿ ಮುಂಗಡದ ಹಣದಲ್ಲಿ ಒಂದು ಸಾವಿರ ಬಿಟ್ಟರು.

ಅವರ ಹಾಕಿಯ ಪಂಚಾಂಗ ನನ್ನದಕ್ಕಿಂತ ಹಿಂದಿನದು. 1964ರಲ್ಲಿ ಅವರು ಈಶಾನ್ಯದ ಗಡಿಯಲ್ಲಿ ಇಪ್ಪತ್ತಮೂರರ ಸಿಪಾಯಿ. ಟೋಕಿಯೋ ಒಲಿಂಪಿಕ್ಸಿನ ಅಂತಿಮ ಪಂದ್ಯದಲ್ಲಿ ಮೊಹಿಂದರ್ ಲಾಲ್ ಹೊಡೆದ ಒಂದೇ ಗೋಲಿನಿಂದ ಪಾಕಿಸ್ತಾನ ಸೋತ ಸುದ್ದಿಯನ್ನು ಬ್ಯಾರಕ್ಕಿನ ರೇಡಿಯೋದಲ್ಲಿ ಕೇಳಿದವರು. 1973ರ ವಿಶ್ವಕಪ್ಪಿನ ಮಾತು ಬಂದರೆ ಅವರ ಮುಖ ಇಂದಿಗೂ ಬಾಡುತ್ತದೆ. ನಾಯಕರು ಕೊಡಗಿನವರೇ ಆದ ಎಂ. ಪಿ. ಗಣೇಶ್, ಅಂತಿಮ ಪಂದ್ಯದಲ್ಲಿ ನೆದರ್‌ಲ್ಯಾಂಡ್ಸಿನ ಮೇಲೆ ಎರಡು ಗೋಲು ಮುಂದಿದ್ದು, ಕಡೆಗೆ ಪೆನಾಲ್ಟಿ ಸ್ಟ್ರೋಕುಗಳಲ್ಲಿ ಕೈಚೆಲ್ಲಿದರು. 1975ರಲ್ಲಿ ಕೌಲಾಲಂಪುರದಲ್ಲಿ ಬಿ. ಪಿ. ಗೋವಿಂದ ಅವರಿದ್ದ ತಂಡ ಪಾಕಿಸ್ತಾನವನ್ನು 2-1ರಿಂದ ಮಣಿಸಿ ಕಪ್ಪನ್ನು ತಂದಾಗ ಆ ಗಾಯ ಮಾಯಿತೇ ಎಂದು ಕೇಳಿದ್ದೆ. “ಗಾಯ ಬೇರೆ, ಕಪ್ಪು ಬೇರೆ” ಎಂದರು.

1976ರಿಂದ ಅವರ ದೃಷ್ಟಿಯಲ್ಲಿ ಕಲಿಯುಗ. ಆ ವರ್ಷ ಮಾಂಟ್ರಿಯಲ್ಲಿನಲ್ಲಿ ಒಲಿಂಪಿಕ್ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹಾಸಿನ ಮೇಲೆ ಆಡಿಸಿದರು. ಹಿಂದಿನ ವರ್ಷದ ವಿಶ್ವವಿಜೇತರಾದ ನಾವು ಏಳನೆಯವರಾದೆವು. ಸುಬೇದಾರರು ಆ ಹಾಸನ್ನು ‘ಚಾಪೆ’ ಎಂದು ಕರೆಯುತ್ತಾರೆ. ಅವರ ವಾದದಲ್ಲಿ ಹುರುಳಿಲ್ಲದಿಲ್ಲ. ಹುಲ್ಲಿನ ನೆಲದಲ್ಲಿ ಚೆಂಡು ನಿಧಾನವಾಗಿ, ಪುಟಿದು ಪುಟಿದು ಬರುತ್ತದೆ. ಅದನ್ನು ಕೋಲಿಗೆ ಅಂಟಿಸಿಕೊಂಡು, ಎದುರಾಳಿಯನ್ನು ಎಡಕ್ಕೆ ನೋಡಿಸಿ ತಾನು ಬಲಕ್ಕೆ ನುಸುಳುವ ಮಣಿಕಟ್ಟಿನ ವಿದ್ಯೆಗೆ ಅಲ್ಲಿ ಬೆಲೆ. ನೀರು ಚಿಮುಕಿಸಿದ ನುಣುಪು ಹಾಸಿನ ಮೇಲೆ ಚೆಂಡು ಬಾಣದಂತೆ ಹೋಗುತ್ತದೆ. ಅಲ್ಲಿ ಬೇಕಾದದ್ದು ಕಾಲಿನ ವೇಗ, ದಮ್ಮು, ದೂರದ ಪಾಸು, ಪೆನಾಲ್ಟಿ ಕಾರ್ನರಿನಲ್ಲಿ ನೂರು ಕಿಲೋಮೀಟರಿಗೂ ಮೀರಿದ ವೇಗದಿಂದ ಚೆಂಡನ್ನು ಎಳೆದೆಸೆಯುವ ತೋಳು. ಸಿರಿವಂತ ದೇಶಗಳು ಊರೂರಿಗೆ ಹಾಸು ಹಾಕಿಸಿದವು. ನಮ್ಮ ಹುಡುಗರು ಮಣ್ಣಿನಲ್ಲಿ ಕಲಿತು ಚಾಪೆಯ ಮೇಲೆ ಪರೀಕ್ಷೆ ಬರೆದರು. ಆದರೆ ನಾನು ಇಷ್ಟಕ್ಕೇ ಒಪ್ಪುವವನಲ್ಲ. 1980ರ ಮಾಸ್ಕೋದ ಚಿನ್ನವನ್ನು, ಹಲವು ಬಲಿಷ್ಠ ದೇಶಗಳು ಬಾರದಿದ್ದರೂ, ಅಂಥ ಹಾಸಿನ ಮೇಲೆಯೇ ಗೆದ್ದೆವಲ್ಲವೆ? ಆ ತಂಡದಲ್ಲಿ ಕೊಡಗಿನ ಎಂ. ಎಂ. ಸೋಮಯ್ಯ ಇದ್ದರಲ್ಲವೆ? 1986ರ ಲಂಡನ್ ವಿಶ್ವಕಪ್ಪಿನಲ್ಲಿ ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯವರಾದಾಗ ಹನ್ನೊಂದನೆಯದು ಪಾಕಿಸ್ತಾನ ಎಂಬುದೊಂದೇ ಸಮಾಧಾನವಾದದ್ದಕ್ಕೆ ಚಾಪೆಯೊಂದೇ ಕಾರಣವೆ? ಹೀಗೆ ಕೇಳಿದರೆ ಸುಬೇದಾರರಿಗೆ ತೋಟದಲ್ಲಿ ಮೆಣಸಿನ ಬಳ್ಳಿ ನೋಡುವ ಕೆಲಸ ನೆನಪಾಗುತ್ತದೆ.

ಅವರೊಡನೆ ಪಂದ್ಯ ನೋಡುವುದೆಂದರೆ ಅದಕ್ಕೊಂದು ಶಿಸ್ತು. ಗೋಲಾದರೆ ಚಪ್ಪಾಳೆಯಿಲ್ಲ, ಕಾಫಿಯ ಲೋಟವನ್ನು ಒಮ್ಮೆ ಎತ್ತಿ ಇಡುತ್ತಾರೆ. ಬೈಗುಳವಿಲ್ಲ, ಎದುರಾಳಿಯ ಒಳ್ಳೆಯ ಆಟಕ್ಕೆ ‘ಶಾಬಾಸ್’ ಉಂಟು. ಆದರೆ ನಮ್ಮ ವಿರುದ್ಧ ಪೆನಾಲ್ಟಿ ಕಾರ್ನರ್ ಕೊಟ್ಟರೆಂದರೆ ಸಾಕು, ಎದ್ದು ಅಂಗಳಕ್ಕೆ ಹೋಗಿಬಿಡುತ್ತಾರೆ. ಯುದ್ಧ ಕಂಡ ಮನುಷ್ಯ! ಗೋಲಿನಲ್ಲಿ ಐವರು ನಿಂತು, ಎದುರಿನಿಂದ ಅಷ್ಟೂ ಮಂದಿ ನುಗ್ಗುವ ಆ ಕ್ಷಣವನ್ನು ನೋಡಲಾರರು. ಏನಾಯಿತೆಂದು ಒಳಗಿನಿಂದ ಕೂಗಿ ಹೇಳುವ ಕರ್ತವ್ಯ ನನ್ನದು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ತಂಡ ಆಡಿದ್ದನ್ನೆಲ್ಲ ಸೋತು ಮತ್ತೆ ಹನ್ನೆರಡನೆಯದಾಯಿತಷ್ಟೆ. ಕೊಡಗಿನ ರಘುನಾಥ್, ಸೋಮವಾರಪೇಟೆಯ ಸುನಿಲ್ ಇಬ್ಬರೂ ಆ ತಂಡದಲ್ಲಿದ್ದರು. ಆ ಹದಿನೈದು ದಿನ ಸುಬೇದಾರರು ಒಳಗಿದ್ದುದಕ್ಕಿಂತ ಅಂಗಳದಲ್ಲಿ ಇದ್ದುದೇ ಹೆಚ್ಚು. ಮಳೆಯಲ್ಲಿ ನೆನೆದು ಜ್ವರ ಬಂದಾಗ ಮನೆಯಾಕೆ ನನ್ನನ್ನು ಕರೆದು, “ನೀವಾದರೂ ಅವರಿಗೆ ಹೇಳಬಾರದೆ ಮೇಷ್ಟ್ರೇ, ಇದನ್ನು ಬಿಡಿ ಎಂದು?” ಎಂದರು. ಹೇಳಬಹುದಿತ್ತು, ಆದರೆ ನನ್ನ ಬಾಯಿಂದ ಆ ಮಾತು ಕೇಳಿ ನಗದವರು ಯಾರು?

ಕೊಡಗಿನಲ್ಲಿ ನನಗೆ ಇನ್ನೊಂದು ಬಗೆಯ ಅಭಿಮಾನದ ಪರಿಚಯವೂ ಆಯಿತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ನಮ್ಮೆಯನ್ನು ವಾಚಕರಲ್ಲಿ ಅನೇಕರು ಬಲ್ಲರು. ಇಲ್ಲಿ ಊರಿಗೊಂದು, ಸಂಘಕ್ಕೊಂದು ತಂಡವಲ್ಲ, ಒಕ್ಕಕ್ಕೊಂದು ತಂಡ. ಮೊದಲ ವರ್ಷ 60 ಕುಟುಂಬಗಳಿದ್ದವು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ನಮ್ಮೆಯಲ್ಲಿ 360 ಕುಟುಂಬಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ಅಜ್ಜನೂ ಮೊಮ್ಮಗನೂ ಸೊಸೆಯೂ ಒಂದೇ ತಂಡದಲ್ಲಿ ಕೋಲು ಹಿಡಿದು ಓಡುವುದುಂಟು. ಬೇಸಗೆ ಬಂದರೆ ನನ್ನ ತರಗತಿಯ ಹಿಂದಿನ ಎರಡು ಸಾಲು ಖಾಲಿ. ಒಬ್ಬ ಹುಡುಗ ರಜೆಯ ಅರ್ಜಿಯಲ್ಲಿ ಕಾರಣವನ್ನು ‘ನಮ್ಮ ಒಕ್ಕದ ಪಂದ್ಯ’ ಎಂದು ಬರೆದು ಮೂರು ದಿನ ಕೇಳಿ, ಮಾರನೆಯ ದಿನವೇ ಹಾಜರಾದ. “ಯಾಕಪ್ಪ?” ಎಂದೆ. “ಮೊದಲನೇ ಸುತ್ತಲ್ಲೇ ಸೋತೆವು ಸಾರ್” ಎಂದು ನಕ್ಕ. ಅವನ ‘ಸೋತೆವು’ ಎಂಬುದರಲ್ಲಿ ನನ್ನ ‘ಸೋತೆವು’ವಿನ ಭಾರವಿರಲಿಲ್ಲ. ಅವನು ಆಡಿ ಸೋತಿದ್ದ. ಮೈ ದಣಿದಿತ್ತು, ಮೊಣಕಾಲು ತರಚಿತ್ತು, ಸೋಲು ಬೆವರಿನಲ್ಲಿ ಇಳಿದು ಹೋಗಿತ್ತು. ಕುಳಿತು ಸೋಲುವವನಿಗೆ ಆ ದಾರಿಯಿಲ್ಲ; ಅವನೊಳಗೆ ಅದು ಅಜೀರ್ಣವಾಗಿ ನಿಲ್ಲುತ್ತದೆ.

ಹಣ ಕೊಟ್ಟು ಆಟಗಾರರನ್ನು ಕೊಳ್ಳುವ ವೃತ್ತಿಪರ ಹಾಕಿಯೂ ನಮ್ಮಲ್ಲಿಗೆ ಬಂತು. 2005ರಿಂದ 2008ರವರೆಗೆ ನಡೆದ ಪ್ರೀಮಿಯರ್ ಲೀಗಿನಲ್ಲಿ ಬೆಂಗಳೂರಿಗೆ ಒಂದು ತಂಡವಿತ್ತು. 2012ರಲ್ಲಿ ಇನ್ನೊಂದು ಪಂದ್ಯಾವಳಿಗೆ ಕರ್ನಾಟಕ ಲಯನ್ಸ್ ಹುಟ್ಟಿತು. ಪಂದ್ಯಾವಳಿ ಒಂದೇ ವರ್ಷಕ್ಕೆ ಮುಗಿಯಿತು, ಸಿಂಹಗಳೂ ಕಾಡು ಸೇರಿದವು. 2013ರಲ್ಲಿ ತೊಡಗಿ 2017ಕ್ಕೆ ನಿಂತು, 2024ರ ಕೊನೆಯಲ್ಲಿ ಮತ್ತೆ ಜೀವ ಪಡೆದ ಹಾಕಿ ಇಂಡಿಯಾ ಲೀಗಿನಲ್ಲಿ ಆ ಐದು ವರ್ಷವೂ, ಮರುಹುಟ್ಟಿನ ಆ ಮೊದಲ ವರ್ಷವೂ, ಕರ್ನಾಟಕದ ಹೆಸರಿನ ತಂಡವೇ ಇರಲಿಲ್ಲ. ಅಭಿಮಾನವಿಡಲು ತಂಡವಿಲ್ಲದ ಅಭಿಮಾನಿಯ ಸ್ಥಿತಿ, ಕರ್ಮಪದವಿಲ್ಲದ ಸಕರ್ಮಕ ಧಾತುವಿನಂತೆ. ಅದನ್ನು ಹೆಚ್ಚು ಬೆಳೆಸುವುದಿಲ್ಲ.

2021ರ ಟೋಕಿಯೋಕ್ಕೆ ಬರುತ್ತೇನೆ. “ಟೋಕಿಯೋ ನಮಗೆ ಒಳ್ಳೆಯ ಊರು ಮೇಷ್ಟ್ರೇ” ಎಂದು ಸುಬೇದಾರರು ಎರಡು ವರ್ಷದಿಂದ ಹೇಳುತ್ತ ಬಂದಿದ್ದರು. ಮಹಾಮಾರಿಯಿಂದ ಕ್ರೀಡಾಕೂಟ ಒಂದು ವರ್ಷ ಮುಂದಕ್ಕೆ ಹೋದಾಗ, ಎಂಬತ್ತಕ್ಕೆ ಕಾಲಿಡುತ್ತಿದ್ದ ಅವರು ಕ್ಯಾಲೆಂಡರನ್ನು ನೋಡಿ ಏನೂ ಹೇಳದೆ ಸುಮ್ಮನಾದರು. ನನಗೆ ಅವರ ಲೆಕ್ಕ ತಿಳಿಯಿತು. ಊರಲ್ಲಿ ಅವರ ಓರಗೆಯವರು ಒಬ್ಬೊಬ್ಬರಾಗಿ ಹೋಗುತ್ತಿದ್ದ ವರ್ಷ ಅದು. ಕೊನೆಯ ಒಲಿಂಪಿಕ್ ಪದಕಕ್ಕೆ ನಲವತ್ತೊಂದು ವರ್ಷ ತುಂಬಿತ್ತು. ಇನ್ನು ಎಷ್ಟು ಒಲಿಂಪಿಕ್ಸುಗಳನ್ನು ಕಾಯಬಲ್ಲರು?

ಆ ತಂಡದಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ. ಸುನಿಲ್ ಆಯ್ಕೆಯಾಗಿರಲಿಲ್ಲ. ಪಂಜಾಬಿನ, ಒಡಿಶದ, ಮಣಿಪುರದ ಹುಡುಗರು. ಗೋಲಿನಲ್ಲಿ ಕೇರಳದ ಶ್ರೀಜೇಶ್. ಎರಡನೆಯ ಪಂದ್ಯದಲ್ಲೇ ಆಸ್ಟ್ರೇಲಿಯ 7-1ರಿಂದ ನೆಲಕ್ಕೆ ಕೆಡವಿತು. ಅಂದು ನನ್ನ ಪತ್ನಿ ಮಾಡಿದ ಅಡುಗೆ ಹಾಗೆಯೇ ಉಳಿಯಿತು. ಅಲ್ಲಿಂದ ಎದ್ದು ನಿಂತು, ಬ್ರಿಟನ್ನನ್ನು ಸೋಲಿಸಿ, ಸೆಮಿಫೈನಲ್ಲಿಗೆ ಬಂದರು. ಅದು ಆಗಸ್ಟ್ 3. ಕೊಡಗಿನಲ್ಲಿ ಕಕ್ಕಡ ಹದಿನೆಂಟು. ಮದ್ದುಸೊಪ್ಪಿಗೆ ಹದಿನೆಂಟು ಬಗೆಯ ಔಷಧಗುಣ ಸೇರುವ ದಿನವೆಂದು ಮನೆಮನೆಯಲ್ಲಿ ಅದರ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಸುಬೇದಾರರ ಮನೆಯಲ್ಲಿ ಬಟ್ಟಲು ಹಿಡಿದು ಕುಳಿತೆವು. ಬೆಲ್ಜಿಯಂ 5-2ರಿಂದ ಗೆದ್ದಿತು. “ಮದ್ದು ಇವತ್ತು ಕುಡಿದಿದ್ದೇವೆ. ಗುಣ ಕಾಣಲು ಎರಡು ದಿನ ಬೇಕು” ಎಂದು ಅವರೇ ನನ್ನನ್ನು ಸಂತೈಸಿದರು.

ಆಗಸ್ಟ್ 5, ಬೆಳಿಗ್ಗೆ ಏಳು ಗಂಟೆ. ಕಂಚಿನ ಪದಕಕ್ಕೆ ಜರ್ಮನಿಯ ಎದುರು. ರಾತ್ರಿಯಿಡೀ ಹೊಡೆದ ಮಳೆಗೆ ಎಲ್ಲಿಯೋ ಮರ ಬಿದ್ದು ಕರೆಂಟು ಹೋಗಿತ್ತು. ನನ್ನ ಮೊಬೈಲನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು, ಇಬ್ಬರೂ ಅದರ ಅಂಗೈಯಗಲದ ಮೈದಾನದ ಮೇಲೆ ಬಾಗಿದೆವು. ಎರಡನೆಯ ನಿಮಿಷದಲ್ಲಿ ಜರ್ಮನಿಯ ಗೋಲು. ಸಿಮ್ರನ್‌ಜಿತ್ ಸಮ ಮಾಡಿದ. ಜರ್ಮನಿ ಮತ್ತೆರಡು ಹೊಡೆದು 3-1 ಆಯಿತು. ನಾನು ಕಣ್ಣು ಮುಚ್ಚಿದೆ. ಇಂಥ ಚಿತ್ರವನ್ನು ಎಷ್ಟು ಸಲ ನೋಡಿಲ್ಲ! ಆದರೆ ಅಂದು ಕಥೆ ಹಳೆಯ ಜಾಡಿಗೆ ಬೀಳಲಿಲ್ಲ. ಹಾರ್ದಿಕ್ ಒಂದು, ಹರ್ಮನ್‌ಪ್ರೀತ್ ಒಂದು. ಅರ್ಧ ಆಟಕ್ಕೆ 3-3. ಮರಳಿ ಬರುತ್ತಲೇ ರೂಪಿಂದರನ ಪೆನಾಲ್ಟಿ ಸ್ಟ್ರೋಕು, ಮತ್ತೆ ಸಿಮ್ರನ್‌ಜಿತ್: 5-3. ಕೊನೆಯ ಕಾಲುಭಾಗದಲ್ಲಿ ಜರ್ಮನಿ ಒಂದನ್ನು ತೀರಿಸಿಕೊಂಡಿತು. ಬ್ಯಾಟರಿ ಹನ್ನೊಂದು ಶೇಕಡ. ಏಳು ಸೆಕೆಂಡೂ ಉಳಿದಿಲ್ಲವೆನ್ನುವಾಗ ಜರ್ಮನಿಗೆ ಪೆನಾಲ್ಟಿ ಕಾರ್ನರ್.

ಸುಬೇದಾರರು ಎದ್ದರು. ಕೊಡೆ ಬಿಡಿಸಿಕೊಂಡು ಅಂಗಳಕ್ಕಿಳಿದು, ಮನೆಗೆ ಬೆನ್ನು ಮಾಡಿ ನಿಂತರು. ಚೆಂಡು ಬಂತು, ಶ್ರೀಜೇಶನ ಮೈಗೆ ಬಡಿದು ದೂರ ಹೋಯಿತು, ಮುಗಿಯಿತು. ಕೂಗಿ ಹೇಳಬೇಕಾದವನು ನಾನು. ಇಪ್ಪತ್ತು ವರ್ಷ ಪಾಠ ಹೇಳಿದ ಗಂಟಲಿನಿಂದ ಒಂದಕ್ಷರ ಹೊರಡಲಿಲ್ಲ. ಒಳಗೆ ಸದ್ದಿಲ್ಲದ್ದನ್ನು ಕಂಡು ಅವರು ಸೋತೆವೆಂದೇ ತಿಳಿದರು. ಕೊಡೆ ನಿಧಾನವಾಗಿ ಪಕ್ಕಕ್ಕೆ ಬಾಗಿತು. ಕೊನೆಗೆ ಮನೆಯಾಕೆ ಬಾಗಿಲಿಗೆ ಹೋಗಿ, “ಒಳಗೆ ಬನ್ನಿ, ಗೆದ್ದಾಯಿತು” ಎಂದು ಕೊಡವ ಮಾತಿನಲ್ಲಿ ಕರೆದರು. ಬಂದವರು ಒದ್ದೆ ಬಟ್ಟೆಯಲ್ಲೇ ಕುಳಿತು, ಆರಿದ ಕಾಫಿಯ ಲೋಟವನ್ನು ಎತ್ತಿ ಇಟ್ಟರು. ಬಹಳ ಹೊತ್ತು ಮೂವರೂ ಮಾತಾಡಲಿಲ್ಲ. ಮೊಬೈಲು ಆರಿಹೋಯಿತು.

ಆ ಪಂದ್ಯವನ್ನು ಆಮೇಲೆ ಹತ್ತಾರು ಸಲ ನೋಡಿದ್ದೇನೆ. ಕಾವ್ಯಮೀಮಾಂಸೆಯ ಪಾಠದಲ್ಲಿ ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆಯೊಂದು ಆಗ ಬಿಡಿಸಿಕೊಂಡಿತು. ನಾಟಕದ ದುಃಖವೂ ನೋಡುವವನಿಗೆ ಆನಂದವನ್ನೇ ಕೊಡುವುದೆಂದು ನಮ್ಮ ಆಲಂಕಾರಿಕರು ಹೇಳುತ್ತಾರೆ. ಸಾಂಟಿಯಾಗೊದ ದುಃಖ ನನಗೆ ಯಾವ ಆನಂದವನ್ನೂ ಕೊಡಲಿಲ್ಲವೇಕೆ? ಅಭಿನವಗುಪ್ತನು ರಸಾನುಭವಕ್ಕೆ ಅಡ್ಡ ಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು ಅವುಗಳಲ್ಲೊಂದು. ಅಭಿಮಾನಿಯ ರೋಗವನ್ನು ಇದಕ್ಕಿಂತ ಖಚಿತವಾಗಿ ಹೇಳಲಾಗದು. ಪಂದ್ಯ ನಡೆಯುವಾಗ ಅವನು ಸಹೃದಯನಲ್ಲ, ಕಕ್ಷಿಗಾರ. ಮುಗಿದು, ಫಲ ತಿಳಿದು, ಮತ್ತೆ ನೋಡುವಾಗಲೇ ಅವನಿಗೆ ಆಟ ಕಾಣುವುದು. ಆ ಮೂರನೆಯ ಜರ್ಮನ್ ಗೋಲು ಎಷ್ಟು ಸೊಗಸಾಗಿತ್ತೆಂಬುದು ನನಗೆ ತಿಳಿದದ್ದು ಆರನೆಯ ಸಲ ನೋಡಿದಾಗ. ಸುಬೇದಾರರು ಅದಕ್ಕೆ ಅಂದೇ ‘ಶಾಬಾಸ್’ ಎಂದಿದ್ದರು. ಅವರು ಮೀಮಾಂಸೆ ಓದಿದವರಲ್ಲ.

ಕಕ್ಷಿಗಾರಿಕೆ ವಿಷವಾಗುವುದೂ ಉಂಟು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಫೈನಲ್ಲಿನಲ್ಲಿ ಪಾಕಿಸ್ತಾನದ ಎದುರು 7-1ರಿಂದ ಸೋತಾಗ ಗೋಲ್‌ಕೀಪರ್ ಮೀರ್ ರಂಜನ್ ನೇಗಿಯವರಿಗೆ ದ್ರೋಹಿಯೆಂಬ ಹಣೆಪಟ್ಟಿ ಕಟ್ಟಿದವರು ಅಭಿಮಾನಿಗಳೇ. ಅವರು ಮುಂದೆ ತರಬೇತುದಾರರಾಗಿ ಮರಳಿ ಬಂದರು. ‘ಚಕ್ ದೇ ಇಂಡಿಯಾ’ ಚಿತ್ರಕ್ಕೆ ಅವರ ಬಾಳು ಪ್ರೇರಣೆಯಾಯಿತು. ಅದು ಹಳೆಯ ಕಾಲವೆನ್ನೋಣವೆಂದರೆ, ಟೋಕಿಯೋದಲ್ಲಿ ಆಸ್ಟ್ರೇಲಿಯವನ್ನು ಕೆಡವಿ ಸೆಮಿಫೈನಲ್ ತಲಪಿದ್ದ ನಮ್ಮ ಮಹಿಳಾ ತಂಡ ಅರ್ಜೆಂಟೀನಕ್ಕೆ ಸೋತ ದಿನ ಒಬ್ಬ ಆಟಗಾರ್ತಿಯ ಮನೆಯ ಮುಂದೆ ಪಟಾಕಿ ಸಿಡಿಸಿ ಜಾತಿಯೆತ್ತಿ ನಿಂದಿಸಿದ ಸುದ್ದಿ ಬಂತು. ಪತ್ರಿಕೆ ಓದಿ ಸುಬೇದಾರರು ಅದನ್ನು ಮಡಿಸಿಟ್ಟು, “ಇವರು ಹಾಕಿಯವರಲ್ಲ, ಕ್ರಿಕೆಟಿನವರೂ ಅಲ್ಲ” ಎಂದರು.

2023ರ ಜನವರಿಯಲ್ಲಿ, ನಮ್ಮದೇ ಒಡಿಶದಲ್ಲಿ ನಡೆದ ವಿಶ್ವಕಪ್ಪಿನಲ್ಲಿ, ನ್ಯೂಜಿಲೆಂಡಿಗೆ ಶೂಟೌಟಿನಲ್ಲಿ ಸೋತು ಕ್ವಾರ್ಟರ್ ಫೈನಲ್ಲನ್ನೂ ಕಾಣಲಿಲ್ಲ. 2024ರ ಪ್ಯಾರಿಸ್ಸಿನಲ್ಲಿ, 1972ರ ಬಳಿಕ ಮೊದಲ ಬಾರಿಗೆ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯವನ್ನು ಸೋಲಿಸಿದೆವು. ಬ್ರಿಟನ್ನಿನ ಎದುರು ಹದಿನೇಳನೆಯ ನಿಮಿಷದಲ್ಲೇ ಅಮಿತ್ ರೋಹಿದಾಸ್‌ಗೆ ಕೆಂಪು ಚೀಟಿ ಸಿಕ್ಕಿ, ಉಳಿದ ಆಟವನ್ನೆಲ್ಲ ಹತ್ತೇ ಮಂದಿ ಆಡಿ, ಶೂಟೌಟಿನಲ್ಲಿ ಗೆದ್ದೆವು. ಸೆಮಿಫೈನಲ್ಲಿನಲ್ಲಿ ಜರ್ಮನಿ ಸಾಲ ತೀರಿಸಿಕೊಂಡಿತು. ಸ್ಪೇನಿನ ಮೇಲೆ 2-1ರಿಂದ ಮತ್ತೆ ಕಂಚು. ಅಂದೂ ಕೊನೆಯ ನಿಮಿಷದಲ್ಲಿ ಎದುರಾಳಿಗೆ ಪೆನಾಲ್ಟಿ ಕಾರ್ನರ್. ಅಂದೂ ಶ್ರೀಜೇಶ್, ತನ್ನ ಕೊನೆಯ ಪಂದ್ಯದಲ್ಲಿ. ಆದರೆ ಸುಬೇದಾರರ ಮಂಡಿ ಆ ವೇಳೆಗೆ ಸೋತಿತ್ತು. ಏಳಲಾಗಲಿಲ್ಲ. ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ಕುಳಿತರು. ನಾನು ಈ ಸಲ ಸಮಯಕ್ಕೆ ಸರಿಯಾಗಿ ಕೂಗಿದೆ. ಕಿವಿ ಮಂದವಾದ್ದರಿಂದ ಎರಡು ಸಲ ಕೂಗಬೇಕಾಯಿತು.

2025ರ ಸೆಪ್ಟೆಂಬರಿನಲ್ಲಿ ರಾಜಗೀರದ ಏಷ್ಯ ಕಪ್ಪಿನ ಅಂತಿಮ ಪಂದ್ಯದಲ್ಲಿ ಕೊರಿಯವನ್ನು 4-1ರಿಂದ ಸೋಲಿಸಿ ಮುಂದಿನ ವಿಶ್ವಕಪ್ಪಿಗೆ ಅರ್ಹತೆ ಪಡೆದ ರಾತ್ರಿ ಅವರು ಅರ್ಧ ಪಂದ್ಯಕ್ಕೇ ನಿದ್ದೆ ಹೋಗಿದ್ದರು. ಬೆಳಿಗ್ಗೆ ಸುದ್ದಿ ಹೇಳಿದಾಗ, ವಿಶ್ವಕಪ್ಪು ಯಾವಾಗ ಎಂದು ಕೇಳಿದರು. 2026ರ ಆಗಸ್ಟ್, ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಎಂದೆ. ಬೆರಳು ಮಡಿಸಿ ತಿಂಗಳುಗಳನ್ನು ಎಣಿಸಿದರು. ಅವರಿಗೆ ಆಗ ಎಂಬತ್ತನಾಲ್ಕು.

“ಆಗಸ್ಟ್ ಎಂದರೆ ಮಳೆ ಮೇಷ್ಟ್ರೇ” ಎಂದರು ಕೊನೆಗೆ. “ಕರೆಂಟು ನಂಬಲಾಗದು. ಒಂದು ಇನ್‌ವರ್ಟರ್ ಹಾಕಿಸಬೇಕು. ಎಷ್ಟಾಗುತ್ತದೆ, ಸ್ವಲ್ಪ ವಿಚಾರಿಸಿ.”